ಐಕ್ಯದಾರ್ಢ್ಯಕ್ಕೆ ಕನ್ನಡದಲ್ಲಿ ಏನನ್ನೋಣ?

ಕಳೆದ ಡಿಸೆಂಬರ್ 10ರ ಸಂಜೆ ನಮ್ಮೂರಿನ ವಾಚನಾಲಯದಲ್ಲಿ ಒಂದು ಚರ್ಚೆ ಇತ್ತು. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ಮನೆ. ವಾಚನಾಲಯ ಅಂದರೆ ಹಂಚಿನ ಮಾಡಿನ ಎರಡು ಕೋಣೆ. ಕನ್ನಡದ ಕಪಾಟು ಒಂದು, ಮಲಯಾಳದ ಕಪಾಟು ಒಂದು, ಉದ್ದದ ಬೆಂಚು ನಾಲ್ಕು. ಪ್ರತಿ ವರ್ಷ ಮಾನವ ಹಕ್ಕುಗಳ ದಿನಕ್ಕೆ ಅಲ್ಲಿ ಏನಾದರೂ ಒಂದು ವಿಷಯ ಕೊಟ್ಟು ಮಾತಾಡಿಸುತ್ತಾರೆ. ಈ ಸಲದ ವಿಷಯವನ್ನು ಬೋರ್ಡಿನಲ್ಲಿ ಮೊದಲು ಮಲಯಾಳದಲ್ಲಿ ಬರೆದಿದ್ದರು. ಕೆಳಗೆ ಕನ್ನಡದಲ್ಲಿ ಬರೆಯಲು ಸೀಮೆಸುಣ್ಣ ಹಿಡಿದು ನಿಂತಿದ್ದ ಹುಡುಗ ನನ್ನ ಕಡೆ ತಿರುಗಿದ.

"ಅಕ್ಕಾ, ಈ ಐಕ್ಯದಾರ್ಢ್ಯಂ ಅನ್ನುವುದಕ್ಕೆ ನಮ್ಮಲ್ಲಿ ಏನು ಹೇಳುವುದು?"

ನನಗೆ ತಟ್ಟನೆ ಏನೂ ಹೊಳೆಯಲಿಲ್ಲ. ಇಂಗ್ಲಿಷಿನ ಸಾಲಿಡಾರಿಟಿಗೆ ಮಲಯಾಳದಲ್ಲಿ ಹೇಳುವ ಈ ಪದ ಕೇರಳದಲ್ಲಿ ಹುಟ್ಟಿ ಬೆಳೆದ ನಮಗೆ ಹೊಸದೇನಲ್ಲ. ಪ್ಯಾಲೆಸ್ತೀನಿಗೆ ಐಕ್ಯದಾರ್ಢ್ಯಂ, ಕ್ಯೂಬಾಕ್ಕೆ ಐಕ್ಯದಾರ್ಢ್ಯಂ, ಸಂಬಳ ಸಿಗದ ಕೆಲಸಗಾರರಿಗೆ ಐಕ್ಯದಾರ್ಢ್ಯಂ ಅಂತ ಪೇಟೆಯ ಗೋಡೆಗಳಲ್ಲಿ, ಫ್ಲೆಕ್ಸುಗಳಲ್ಲಿ ಓದುತ್ತಲೇ ಇರುತ್ತೇವೆ. ಸಂಸ್ಕೃತದ ಪದವೇ. ಆದರೂ ಮಲಯಾಳದಲ್ಲಿ ಅದು ಬಾಯಿಮಾತು. ಕನ್ನಡದಲ್ಲಿ ಹಾಗೇ ಇಟ್ಟರೆ ಯಾರಿಗೂ ನಾಲಗೆ ಹೊರಳುವುದಿಲ್ಲ.

ಒಗ್ಗಟ್ಟು ಅನ್ನೋಣವೇ? ಒಗ್ಗಟ್ಟು ಒಂದೇ ಮನೆಯವರದ್ದು, ಒಂದೇ ಊರಿನವರದ್ದು. ಸಹಾಯ ಅಂದರೆ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ಬೆಂಬಲ ಅನ್ನುವ ಪದ ಚುನಾವಣೆಯಲ್ಲಿ ಸವೆದು ಹೋಗಿದೆ. ಘಟ್ಟದ ಮೇಲೆ ಮುಯ್ಯಾಳು ಅನ್ನುವ ಮಾತಿದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅದು ದಾನವೂ ಅಲ್ಲ, ಸಾಲವೂ ಅಲ್ಲ. ಅರ್ಥಕ್ಕೆ ಅದೇ ಹತ್ತಿರ. ಆದರೆ ಮುಯ್ಯಿಗೆ ಮುಖಪರಿಚಯ ಬೇಕು. ಮುಖವೇ ನೋಡದವರ ಜತೆ ಮುಯ್ಯಿ ಹೇಗೆ? ಕೊನೆಗೆ ಹುಡುಗನಿಗೆ "ಜತೆ ನಿಲ್ಲುವುದು ಅಂತ ಬರಿ" ಅಂದೆ. ಅವನು ಬರೆದ: ದೇಶದೇಶಗಳು ಒಬ್ಬರಿಗೊಬ್ಬರು ಜತೆ ನಿಲ್ಲುವುದು ಮಾನವ ಹಕ್ಕಾಗಬೇಕೇ?

ಆಗಬೇಕು ಅನ್ನುವ ಪಕ್ಷದಲ್ಲಿ ನಾನು. ಆಗಬಾರದು ಅನ್ನುವ ಪಕ್ಷದಲ್ಲಿ ನನ್ನ ಸೋದರಮಾವ. ಮಾವ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ನಿವೃತ್ತರಾದವರು. ನಾನು ಸೊಸೈಟಿಯಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ಅಂತಾರಾಷ್ಟ್ರೀಯ ಅನ್ನುವ ಪದಕ್ಕೂ ನನಗೂ ಎಲ್ಲಿಂದ ಎಲ್ಲಿಗೆ, ಅಲ್ವಾ? ಆದರೆ ವಿಷಯ ಏನೆಂದು ಕೇಳಿದ ಕೂಡಲೇ ನಾನಾಗಿ ಹೆಸರು ಕೊಟ್ಟೆ. ಕಾರಣ ಮುಂದೆ ಹೇಳುತ್ತೇನೆ.

ತಯಾರಿಗೆ ಸಹಾಯ ಮಾಡಿದ್ದು ಕಾನೂನು ಓದುತ್ತಿರುವ ತಂಗಿಯ ಮಗಳು. ಅವಳು ಫೋನಿನಲ್ಲಿ ಹೇಳಿದ್ದನ್ನೆಲ್ಲ ಸೊಸೈಟಿಯ ಹಳೇ ಚಲನ್‌ಗಳ ಹಿಂದೆ ಬರೆದುಕೊಂಡಿದ್ದೆ. ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಘೋಷಣೆ ಒಪ್ಪಿಕೊಂಡಿತು. ಅದರ ಮೊದಲ ವಿಧಿ ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು, ಸೋದರಭಾವದಿಂದ ನಡೆದುಕೊಳ್ಳಬೇಕು ಅನ್ನುತ್ತದೆ. ಕರಡಿನಲ್ಲಿ 'ಎಲ್ಲ ಪುರುಷರು' ಅಂತ ಇದ್ದದ್ದು 'ಎಲ್ಲ ಮನುಷ್ಯರು' ಅಂತ ಬದಲಾದದ್ದು ನಮ್ಮ ದೇಶದ ಹನ್ಸಾ ಮೆಹ್ತಾ ಅವರು ಪಟ್ಟು ಹಿಡಿದದ್ದರಿಂದ. 28ನೇ ವಿಧಿಯನ್ನು ಜನ ಜಾಸ್ತಿ ಓದುವುದಿಲ್ಲ. ಈ ಹಕ್ಕುಗಳೆಲ್ಲ ಪೂರ್ತಿ ಕೈಗೆ ಬರುವಂಥ ಒಂದು ಸಮಾಜ, ಒಂದು ಅಂತಾರಾಷ್ಟ್ರೀಯ ವ್ಯವಸ್ಥೆ ಪ್ರತಿಯೊಬ್ಬರಿಗೂ ಸಲ್ಲಬೇಕು ಅಂತ ಅದರಲ್ಲಿದೆ. ಅಂದರೆ ನನ್ನ ಹಕ್ಕಿನ ಹೊಣೆ ನನ್ನ ಸರ್ಕಾರದ್ದು ಮಾತ್ರ ಅಲ್ಲ ಅನ್ನುವ ಬೀಜ ಅಲ್ಲೇ ಬಿದ್ದಿದೆ.

ಆ ಬೀಜ ಇನ್ನೂ ಸರಿಯಾಗಿ ಮೊಳೆತಿಲ್ಲ. 1970ರ ದಶಕದಲ್ಲಿ ಕಾರೆಲ್ ವಸಾಕ್ ಎಂಬ ಕಾನೂನು ಪಂಡಿತ ಹಕ್ಕುಗಳಿಗೆ ಮೂರು ತಲೆಮಾರು ಅಂದ. ಮೊದಲನೆಯದು ಸ್ವಾತಂತ್ರ್ಯದ್ದು, ಎರಡನೆಯದು ಸಮಾನತೆಯದ್ದು, ಮೂರನೆಯದು ಈ ಜತೆ ನಿಲ್ಲುವುದರದ್ದು. 2005ರಲ್ಲಿ ವಿಶ್ವಸಂಸ್ಥೆ ಈ ವಿಷಯಕ್ಕೇ ಒಬ್ಬ ಸ್ವತಂತ್ರ ತಜ್ಞರನ್ನು ನೇಮಿಸುವುದೆಂದು ನಿರ್ಧರಿಸಿತು. ಒಬ್ಬರಾದ ಮೇಲೆ ಒಬ್ಬರು ಕೂತು ಒಂದು ಘೋಷಣೆಯ ಕರಡು ಬರೆದರು, ತಿದ್ದಿದರು. ಕರಡು ಇನ್ನೂ ಕರಡೇ. ಮಾನವ ಹಕ್ಕುಗಳ ಮಂಡಳಿಯಲ್ಲಿ ಕ್ಯೂಬಾ ಮುಂದೆ ನಿಂತು ಈ ವಿಷಯದ ಗೊತ್ತುವಳಿ ತರುತ್ತದೆ. ಬಡ ದೇಶಗಳು ಕೈ ಎತ್ತುತ್ತವೆ, ಯುರೋಪಿನ ಶ್ರೀಮಂತ ದೇಶಗಳು ಬೇಡ ಅನ್ನುತ್ತವೆ. ಜತೆ ನಿಲ್ಲುವುದು ಒಳ್ಳೆಯ ಗುಣ, ಒಳ್ಳೆಯ ತತ್ವ, ಆದರೆ ಕಾನೂನಿನ ಹಕ್ಕಲ್ಲ ಅನ್ನುವುದು ಅವರ ವಾದ.

ಮಾವನ ವಾದವೂ ಅದೇ. ಆದರೆ ಅವರು ಅದನ್ನು ಕೋರ್ಟಿನ ಭಾಷೆಯಲ್ಲಿ ಹೇಳಿದರು.

"ಹಕ್ಕು ಅಂದ ಮೇಲೆ ಅದನ್ನು ಯಾರ ಮೇಲೆ ಹೂಡುತ್ತೀರಿ? ವಾದಿ ಇದ್ದಾನೆ. ಪ್ರತಿವಾದಿ ಯಾರು? ಸೂಡಾನಿನಲ್ಲಿ ಒಬ್ಬ ಹಸಿದಿದ್ದಾನೆ ಅಂತಿಟ್ಟುಕೊಳ್ಳಿ. ಅವನಿಗೆ ಹಕ್ಕಿದೆ ಅಂದಿರಿ. ಸಮನ್ಸ್ ಯಾರಿಗೆ ಕಳಿಸುವುದು? ನಾರ್ವೆಗೋ, ಜಪಾನಿಗೋ, ನನಗೋ? ಎಲ್ಲರ ಮೇಲೂ ಇರುವ ಹೊಣೆ ಯಾರ ಮೇಲೂ ಇರುವುದಿಲ್ಲ. ನಾನು ಮೂವತ್ತು ವರ್ಷ ಫೈಲು ಕಟ್ಟಿದವನು. ಪ್ರತಿವಾದಿಯ ವಿಳಾಸ ಇಲ್ಲದ ದಾವೆ ನಂಬರ್ ಆಗುವುದೇ ಇಲ್ಲ."

ಇನ್ನೂ ಒಂದು ಹೇಳಿದರು. ಶ್ರೀಮಂತ ದೇಶಗಳು ತಮ್ಮ ವರಮಾನದಲ್ಲಿ ಶೇಕಡಾ 0.7ರಷ್ಟು ಬಡ ದೇಶಗಳ ನೆರವಿಗೆ ಕೊಡಬೇಕು ಅಂತ ವಿಶ್ವಸಂಸ್ಥೆ 1970ರಲ್ಲೇ ಗುರಿ ಇಟ್ಟಿತ್ತು. ಅರ್ಧ ಶತಮಾನ ಕಳೆಯಿತು. ಅದನ್ನು ಮುಟ್ಟಿದ ದೇಶಗಳನ್ನು ಬೆರಳಲ್ಲಿ ಎಣಿಸಬಹುದು. "ಕಾಗದದಲ್ಲಿ ಬರೆದದ್ದು ಏನಾಯಿತು? ಇನ್ನೊಂದು ಕಾಗದ ಯಾಕೆ?" ಅಂದರು.

ಸಭೆಯಲ್ಲಿ ತಲೆ ಅಲ್ಲಾಡಿಸಿದವರು ಜಾಸ್ತಿ. ನನಗೂ ಉತ್ತರ ಕೊಡುವುದು ಸುಲಭ ಆಗಲಿಲ್ಲ. ಹಾಗಾಗಿ ನಾನು ವಾದ ಮಾಡಲು ಹೋಗಲಿಲ್ಲ. 2020ರ ಮಾರ್ಚ್ ತಿಂಗಳ ಕಥೆ ಹೇಳಿದೆ. ಅಲ್ಲಿ ಕೂತವರಿಗೆಲ್ಲ ಗೊತ್ತಿದ್ದ ಕಥೆಯೇ.

ಆಗ ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಂಗಳವಾರ, ಶುಕ್ರವಾರ. ಮಂಗಳೂರಿನಲ್ಲಿ. ನಮ್ಮ ಕಡೆಯವರಿಗೆ ಜ್ವರ ಬಿಟ್ಟು ಬೇರೆ ಏನು ಬಂದರೂ ಮಂಗಳೂರೇ. ಪೆರ್ಲದಿಂದ ಸಾರಡ್ಕ ದಾಟಿದರೆ ಅಡ್ಯನಡ್ಕ, ವಿಟ್ಲ, ಕಲ್ಲಡ್ಕ. 1956ರ ನವೆಂಬರ್ 1ಕ್ಕೆ ರಾಜ್ಯ ಬೇರೆ ಆದರೂ ಆಸ್ಪತ್ರೆಯ ದಾರಿ ಬೇರೆ ಆಗಿರಲಿಲ್ಲ. ಹೆರಿಗೆ, ಆಪರೇಷನ್, ಕ್ಯಾನ್ಸರ್ ಎಲ್ಲದಕ್ಕೂ ನಾವು ಬಡಗು ಮುಖ ಮಾಡಿಯೇ ಹೋಗುತ್ತಿದ್ದೆವು. ನಡುವೆ ಒಂದು ರಾಜ್ಯದ ಗಡಿ ಇದೆ ಅನ್ನುವುದು ಬಸ್ಸಿನ ಬಣ್ಣ ಬದಲಾದಾಗ ಮಾತ್ರ ನೆನಪಾಗುತ್ತಿತ್ತು.

ಆ ಮಾರ್ಚಿನಲ್ಲಿ ಕಾಸರಗೋಡಿನಲ್ಲಿ ಕೊರೋನಾ ಜಾಸ್ತಿ ಆಯಿತು. ದೇಶದಲ್ಲೇ ಹೆಚ್ಚು ರೋಗಿಗಳಿದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದಾಯಿತು. ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಬ್ಯಾರಿಕೇಡ್. ಒಳರಸ್ತೆಗಳಿಗೆ ಮಣ್ಣು ತಂದು ಸುರಿದರು. ಆಚೆಯವರ ಹೆದರಿಕೆ ಸುಳ್ಳಾಗಿರಲಿಲ್ಲ. ಅದನ್ನು ನಾನು ಆಗಲೂ ಒಪ್ಪಿದ್ದೆ, ಈಗಲೂ ಒಪ್ಪುತ್ತೇನೆ. ಆದರೆ ಮಾರ್ಚ್ 24ರ ಮಂಗಳವಾರ ಅಪ್ಪನ ಡಯಾಲಿಸಿಸ್ ತಪ್ಪಿತು.

ಡಯಾಲಿಸಿಸ್ ಒಂದು ದಿನ ತಪ್ಪಿದರೆ ಏನಾಗುತ್ತದೆ ಅಂತ ಮನೆಯಲ್ಲಿ ಅಂಥ ರೋಗಿ ಇದ್ದವರಿಗೆ ಗೊತ್ತು. ಕುಡಿದ ನೀರು ಹೊರಗೆ ಹೋಗಲು ದಾರಿ ಇಲ್ಲ. ಕಾಲು ಬಾತುಕೊಳ್ಳುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ. ಅಪ್ಪನಿಗೆ ದಿನಕ್ಕೆ ಅಳೆದು ಕೊಡುತ್ತಿದ್ದ ನೀರನ್ನು ಅಮ್ಮ ಅರ್ಧ ಮಾಡಿದಳು. ತೋಟದಲ್ಲಿ ಎಳನೀರು ತೂಗುತ್ತಿತ್ತು. ಅದರಲ್ಲಿ ಪೊಟ್ಯಾಶಿಯಂ ಇರುವುದರಿಂದ ಅವರು ಅದನ್ನು ಮುಟ್ಟುವ ಹಾಗೇ ಇರಲಿಲ್ಲ. ಎರಡು ರಾತ್ರಿ ಅವರು ಜಗಲಿಯ ಕುರ್ಚಿಯಲ್ಲಿ ಕೂತೇ ಕಳೆದರು. ಎಡಗೈಯಲ್ಲಿ ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿ ಮಾಡಿದ್ದ ಫಿಸ್ಟುಲಾದ ಮೇಲೆ ಬಲಗೈ ಇಟ್ಟುಕೊಂಡು ಅದು ಮಿಡಿಯುತ್ತಿದೆಯೇ ಅಂತ ನೋಡುತ್ತಿದ್ದರು.

ಶುಕ್ರವಾರಕ್ಕೆ ತೆಂಕು ಕಡೆ, ಕಣ್ಣೂರು ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ ಗಂಟೆ. ಲಾಕ್‌ಡೌನ್ ಬೇರೆ. ಮನೆಯಿಂದ ಹೊರಟವರು ಯಾಕೆ ಹೊರಟೆವು, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಬರೆದ ಸತ್ಯವಾಙ್ಮೂಲ, ಅಂದರೆ ಅಫಿಡವಿಟ್, ಕೈಯಲ್ಲಿ ಇಟ್ಟುಕೊಳ್ಳಬೇಕಿತ್ತು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಮಲಯಾಳ ಓದುತ್ತೇನೆ, ಬರೆಯಲು ಕೈ ಓಡುವುದಿಲ್ಲ. ದಾರಿಯ ಪೊಲೀಸರಿಗೆ ತಡವರಿಸದೆ ಓದಲು ಬರಲಿ ಅಂತ ಅಷ್ಟನ್ನೂ ಮಾವನೇ ಮಲಯಾಳದಲ್ಲಿ ಬರೆದು ಕೊಟ್ಟರು. ಪಕ್ಕದ ಮನೆಯ ಇಚ್ಚ ತನ್ನ ಓಮ್ನಿ ತಂದ. ಪೆಟ್ರೋಲ್ ದುಡ್ಡು ಬಿಟ್ಟು ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಆ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕದ ಮೆಷಿನ್‌ನಲ್ಲಿ ಪಯ್ಯನ್ನೂರು ಕಡೆಯ ಒಬ್ಬರು ಇರುತ್ತಿದ್ದರು. ಹೋಟೆಲುಗಳೆಲ್ಲ ಮುಚ್ಚಿದ್ದ ದಿನಗಳು. ಅವರ ಹೆಂಡತಿ ಎರಡನೇ ಸಲ ಹೋದಾಗ ನನ್ನ ಮುಂದೆ ಒಂದು ತೂಕುಪಾತ್ರೆ ಇಟ್ಟರು. ಗಂಜಿ, ಹೆಸರುಕಾಳಿನ ಪಲ್ಯ. "ಕಳಿಕ್ಕ್ ಮೋಳೇ" ಅಂದರು, ತಿನ್ನು ಮಗಳೇ ಅಂತ. ಅವರಿಗೆ ಕನ್ನಡ ಬಾರದು. ನನ್ನ ಮಲಯಾಳ ಅಷ್ಟಕ್ಕಷ್ಟೆ. ಆಮೇಲೆ ಪ್ರತಿ ಸಲವೂ ತಂದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಅದೇ ಹೊತ್ತಿಗೆ ನಮ್ಮ ಉಕ್ಕಿನಡ್ಕಕ್ಕೆ ತಿರುವನಂತಪುರದಿಂದ ಡಾಕ್ಟರುಗಳು, ನರ್ಸುಗಳು ಬಂದರು. 2013ರಲ್ಲಿ ಕಲ್ಲು ಹಾಕಿದ್ದ ಮೆಡಿಕಲ್ ಕಾಲೇಜಿನ ಕಟ್ಟಡ ಏಳು ವರ್ಷವಾದರೂ ಆಸ್ಪತ್ರೆ ಆಗಿರಲಿಲ್ಲ. ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದ ಇಪ್ಪತ್ತಕ್ಕೂ ಹೆಚ್ಚು ಮಂದಿಯ ತಂಡ ಏಪ್ರಿಲ್ ಮೊದಲ ವಾರದಲ್ಲಿ ಅದನ್ನು ಕೋವಿಡ್ ಆಸ್ಪತ್ರೆ ಮಾಡಿತು. ಅವರು ಬಂದ ಸುದ್ದಿ ಕೇಳಿ ಅಮ್ಮ ದೇವರ ಕೋಣೆಯಲ್ಲಿ ಒಂದು ದೀಪ ಜಾಸ್ತಿ ಇಟ್ಟಳು.

ಇಷ್ಟು ಹೇಳಿದಾಗ ಮಾವ ನಡುವೆ ಬಾಯಿ ಹಾಕಿದರು. "ನೀನು ಹೇಳುತ್ತಿರುವುದು ನನ್ನ ಪಕ್ಷದ ಮಾತು ಮಗಳೇ. ಇಚ್ಚನ ಮೇಲೆ ನಿನಗೆ ಹಕ್ಕಿತ್ತೇ? ಆ ಗಂಜಿಯ ಮೇಲೆ ಹಕ್ಕಿತ್ತೇ? ಕಾನೂನು ಇಲ್ಲದೆಯೇ ಬಂತಲ್ಲ. ಕಾನೂನು ಮಾಡಿದರೆ ಗಂಜಿಯ ರುಚಿ ಹೋಗುತ್ತದೆ."

ಮಾತು ಚೆನ್ನಾಗಿತ್ತು. ಹಿಂದಿನ ಬೆಂಚಿನವರು ಚಪ್ಪಾಳೆ ಹೊಡೆದರು. ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೂ ಸೋತೆ ಅನ್ನಿಸಿತು. ಆದರೆ ಆ ಕಥೆಯ ಇನ್ನೊಂದು ಅರ್ಧ ಹೇಳುವುದು ಬಾಕಿ ಇತ್ತು.

ಮಂಗಳೂರು ಕಡೆಯಲ್ಲಿ ನಮಗೆ ಜನ ಇಲ್ಲದೆ ಅಲ್ಲ. ಅಪ್ಪನನ್ನು ಮೂರು ವರ್ಷ ನೋಡಿಕೊಂಡಿದ್ದ ಡಯಾಲಿಸಿಸ್ ಟೆಕ್ನಿಷಿಯನ್ ಹುಡುಗ ಆ ಮಂಗಳವಾರ ಮೂರು ಸಲ ಫೋನ್ ಮಾಡಿದ. "ಮೆಷಿನ್ ಖಾಲಿ ಇದೆ ಅಕ್ಕ, ಹೇಗಾದರೂ ಕರಕೊಂಡು ಬನ್ನಿ" ಅಂದ. ವಿಟ್ಲದಲ್ಲಿರುವ ದೊಡ್ಡಮ್ಮನ ಮಗ ಗಡಿಯ ಆಚೆ ಕಾರು ತಂದು ನಿಲ್ಲಿಸುತ್ತೇನೆ ಅಂದ. ಕೊಡುವ ಕೈ ಇತ್ತು, ತೆಗೆದುಕೊಳ್ಳುವ ಕೈಯೂ ಇತ್ತು. ಎರಡರ ನಡುವೆ ಮಣ್ಣು ಬಿದ್ದಿತ್ತು. ಆ ದಿನಗಳಲ್ಲಿ ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯಲ್ಲಿ ರೋಗಿಗಳು ಸತ್ತ ಸುದ್ದಿ ಒಂದರ ಹಿಂದೆ ಒಂದು ಬಂತು. ಆಂಬುಲೆನ್ಸನ್ನು ತಿರುಗಿಸಿ ಕಳಿಸಿದ ಸುದ್ದಿಗಳು.

ಆ ಮಣ್ಣು ಪ್ರೀತಿಯಿಂದ ಸರಿಯಲಿಲ್ಲ. ಕೋರ್ಟಿಗೆ ಹೋಗಬೇಕಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಹೇಳಿತು: ಚಿಕಿತ್ಸೆಗೆ ಹೊರಟವರನ್ನು ತಡೆಯುವುದು ಬದುಕುವ ಹಕ್ಕಿಗೆ, ಓಡಾಡುವ ಹಕ್ಕಿಗೆ ವಿರುದ್ಧ, ದಾರಿ ತೆರೆಯಿರಿ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೂ ರಾಜ್ಯಗಳು ಕೂತು ದಾರಿ ಹುಡುಕಬೇಕೆಂದಿತು ಅದು. ಏಪ್ರಿಲ್ 7ಕ್ಕೆ, ಕೊರೋನಾ ಇಲ್ಲದ ರೋಗಿಗಳು ಸರ್ಟಿಫಿಕೇಟ್ ತೋರಿಸಿ ತಲಪಾಡಿ ದಾಟಬಹುದು ಅಂತ ಆಯಿತು. ತಡ ಆಯಿತು, ನಿಬಂಧನೆಗಳೂ ಇದ್ದವು. ಆದರೂ ದಾರಿ ತೆರೆದದ್ದು ಸಂವಿಧಾನದಲ್ಲಿ ಬದುಕುವ ಹಕ್ಕಿನ 21ನೇ ವಿಧಿ ಅಂತ ಒಂದು ಸಾಲು ಬರೆದಿಟ್ಟಿದ್ದರಿಂದ.

"ಗಂಜಿಗೆ ಕಾನೂನು ಬೇಡ ಮಾವ" ಅಂದೆ. "ಗಂಜಿ ಬರುವ ದಾರಿಗೆ ಬೇಕು."

ಚರ್ಚೆಗೆ ಹೆಸರು ಕೊಟ್ಟದ್ದು ಈ ಒಂದು ಮಾತಿಗಾಗಿ. ಜತೆ ನಿಲ್ಲುವುದನ್ನು ಹಕ್ಕು ಮಾಡಿ ಅಂದ ಕೂಡಲೇ ಎಲ್ಲರೂ ಹಣದ ಲೆಕ್ಕಕ್ಕೆ ಹೋಗುತ್ತಾರೆ. ಯಾರು ಎಷ್ಟು ಕೊಡಬೇಕು, ಕೊಡದಿದ್ದರೆ ಯಾರ ಮೇಲೆ ಕೇಸು ಅಂತ. ಅದೆಲ್ಲ ನಿಧಾನ ಆಗಲಿ. ಮೊದಲ ಸಾಲಿನಲ್ಲಿ ಇಷ್ಟು ಬರೆಯಲಿ: ನೆರವಿಗೆ ಹೊರಟವನನ್ನೂ ನೆರವು ಹುಡುಕಿ ಹೊರಟವನನ್ನೂ ಯಾವ ಸರ್ಕಾರವೂ ತಡೆಯಬಾರದು. ಇದರಲ್ಲಿ ಪ್ರತಿವಾದಿ ಯಾರು ಅನ್ನುವ ಗೊಂದಲ ಇಲ್ಲ. ದಾರಿಗೆ ಅಡ್ಡ ನಿಂತವನೇ ಪ್ರತಿವಾದಿ. ಅವನ ವಿಳಾಸ ಅವನು ಹಾಕಿದ ಬ್ಯಾರಿಕೇಡಿನಲ್ಲೇ ಇರುತ್ತದೆ.

ತಂಗಿಯ ಮಗಳು ಫ್ರಾನ್ಸಿನ ಒಂದು ಕೇಸು ಹೇಳಿದ್ದಳು. ಕೇಳಿದಾಗಿನಿಂದ ಅದು ತಲೆಯಲ್ಲೇ ಇದೆ. ಸೆದ್ರಿಕ್ ಎರೂ ಅಂತ ಒಬ್ಬ ರೈತ. ಇಟಲಿಯ ಗಡಿಗೆ ತಾಗಿದ ರೋಯಾ ಕಣಿವೆಯಲ್ಲಿ ಆಲಿವ್ ಬೆಳೆಯುವವನು. ಗಡಿ ದಾಟಿ ಬಂದ ಆಫ್ರಿಕಾದ ವಲಸಿಗರಿಗೆ ಊಟ ಕೊಟ್ಟ, ತನ್ನ ಜಾಗದಲ್ಲಿ ಮಲಗಲು ಬಿಟ್ಟ, ಗಾಡಿಯಲ್ಲಿ ಕೂರಿಸಿ ಕರೆದುಕೊಂಡು ಹೋದ. ಅದೇ ಅಪರಾಧ ಆಯಿತು. 2017ರಲ್ಲಿ ಮೇಲಿನ ಕೋರ್ಟು ನಾಲ್ಕು ತಿಂಗಳ ಜೈಲು ಶಿಕ್ಷೆ ಕೊಟ್ಟು ಅದನ್ನು ಅಮಾನತಿನಲ್ಲಿಟ್ಟಿತು. ಅವನು ಬಿಡಲಿಲ್ಲ. ಫ್ರಾನ್ಸಿನ ಘೋಷವಾಕ್ಯದಲ್ಲಿ ಸ್ವಾತಂತ್ರ್ಯ, ಸಮಾನತೆ ಆದ ಮೇಲೆ ಸೋದರತೆ ಅಂತ ಮೂರನೆಯ ಪದ ಇದೆ. ನಾಣ್ಯದ ಮೇಲೆ, ಶಾಲೆಗಳ ಗೋಡೆ ಮೇಲೆ ಅದನ್ನು ಬರೆದಿರುತ್ತಾರೆ. 2018ರ ಜುಲೈ 6ರಂದು ಅಲ್ಲಿನ ಸಂವಿಧಾನ ಮಂಡಳಿ ಆ ಪದಕ್ಕೆ ಕಾನೂನಿನ ಬಲ ಇದೆ ಅಂದಿತು. ಕಷ್ಟದಲ್ಲಿದ್ದ ಇನ್ನೊಬ್ಬನಿಗೆ ಮಾನವೀಯ ಕಾರಣಕ್ಕೆ ನೆರವಾಗುವುದು ಒಂದು ಸ್ವಾತಂತ್ರ್ಯ, ಅವನ ಹತ್ತಿರ ಕಾಗದಪತ್ರ ಸರಿ ಇದೆಯೋ ಇಲ್ಲವೋ ಅಂತ ನೋಡಬೇಕಿಲ್ಲ ಅಂದಿತು. ಕೊನೆಗೆ ಅವನು ಖುಲಾಸೆಯಾದ.

ಆದರೆ ಆ ತೀರ್ಪಿನಲ್ಲಿ ಒಂದು ಗೆರೆ ಇದೆ. ಗಡಿಯ ಒಳಗೆ ಬಂದವನಿಗೆ ಊಟ ಕೊಡಬಹುದು, ಗಾಡಿಯಲ್ಲಿ ಕೂರಿಸಬಹುದು. ಗಡಿ ದಾಟಿಸಿ ಒಳಗೆ ತರುವುದು ಮಾತ್ರ ತಪ್ಪೇ. ಗಡಿಯಲ್ಲಿ ಬದುಕುವ ನನ್ನಂಥವಳಿಗೆ ಕಣ್ಣಿಗೆ ಬೀಳುವುದೇ ಆ ಗೆರೆ. ಸೋದರತೆ ಚೆಕ್‌ಪೋಸ್ಟಿನವರೆಗೆ ಬಂದು ನಿಂತುಬಿಟ್ಟಿತು. ವಿಶ್ವಸಂಸ್ಥೆಯ ತಜ್ಞರಾಗಿದ್ದ ನೈಜೀರಿಯಾ ಮೂಲದ ಓಬಿಯೋರಾ ಒಕಾಫೋರ್ 2019ರಲ್ಲಿ ಇದರ ಬಗ್ಗೆಯೇ ವರದಿ ಕೊಟ್ಟರು. ವಲಸಿಗರಿಗೆ, ನಿರಾಶ್ರಿತರಿಗೆ ನೆರವಾದವರನ್ನು ಅಪರಾಧಿಗಳ ಹಾಗೆ ಕಾಣುವುದು ನಿಲ್ಲಬೇಕು ಅಂತ. ಜತೆ ನಿಲ್ಲುವುದು ಹಕ್ಕಾದರೆ ಮೊದಲು ಉಪಯೋಗ ಆಗುವುದು ಇಂಥ ರೈತರಿಗೆ, ಇಚ್ಚನಂಥವರಿಗೆ.

ಇಲ್ಲಿಂದ ಚರ್ಚೆ ಬೇರೆ ಕಡೆ ತಿರುಗಿತು. ಹಿಂದೆ ಕೂತಿದ್ದ ಒಬ್ಬರು ಎದ್ದು, "ಎಣ್ಮಕಜೆಯಲ್ಲಿ ಕೂತು ಎಂಡೋಸಲ್ಫಾನ್ ಬಗ್ಗೆ ಒಂದು ಮಾತೂ ಆಡದೆ ಮುಗಿಸುತ್ತೀರಾ?" ಅಂದರು. ಎಣ್ಮಕಜೆ ನಮ್ಮ ಪಂಚಾಯತು. ಸಭೆ ಸುಮ್ಮನಾಯಿತು.

ನಾವು ಸಣ್ಣವರಿದ್ದಾಗ ಹೆಲಿಕಾಪ್ಟರ್ ಬಂತು ಅಂದರೆ ಕ್ಲಾಸಿನಿಂದ ಹೊರಗೆ ಓಡಿ ಬಂದು ನೋಡುತ್ತಿದ್ದೆವು. ಗುಡ್ಡದ ಗೇರು ತೋಟಗಳ ಮೇಲೆ ಬಿಳಿ ಹೊಗೆಯ ಹಾಗೆ ಇಳಿಯುತ್ತಿತ್ತು. ಗೇರಿನ ಚಿಗುರಿಗೆ ಬರುವ ಚಹಾ ಸೊಳ್ಳೆಯನ್ನು ಕೊಲ್ಲಲು ಅಂತ ಎಂಡೋಸಲ್ಫಾನ್. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ. ಕೆಳಗಿನ ಸುರಂಗ, ಕೆರೆ, ತೋಡುಗಳ ನೀರನ್ನೇ ನಾವು ಕುಡಿದದ್ದು. ಜೇನು ಸತ್ತಿತು, ಮೀನು ಸತ್ತಿತು. ಆಮೇಲೆ ಮನೆಮನೆಯಲ್ಲಿ ಮಕ್ಕಳು. ನನ್ನ ಕ್ಲಾಸಿನ ಒಬ್ಬಳ ತಮ್ಮ ಇಪ್ಪತ್ತನೇ ವರ್ಷಕ್ಕೂ ಚಾಪೆ ಬಿಟ್ಟು ಏಳಲಿಲ್ಲ. ಸರ್ಕಾರದ ಸಂತ್ರಸ್ತರ ಪಟ್ಟಿಯಲ್ಲೇ 6,000ಕ್ಕೂ ಹೆಚ್ಚು ಹೆಸರುಗಳಿವೆ.

ಇದನ್ನು ಲೋಕಕ್ಕೆ ಹೇಳಿದವರು ನಮ್ಮವರೇ. ವಾಣಿನಗರದ ಡಾಕ್ಟರ್ ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ, ಪೆರಿಯದ ಲೀಲಾಕುಮಾರಿ ಅಮ್ಮ. ಕೃಷಿ ಇಲಾಖೆಯ ನೌಕರಿಯಲ್ಲಿದ್ದೇ 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದ ಹೆಂಗಸು ಅವರು. ಆದರೆ ಒಂದು ವಿಷಯ ನಾವು ಮರೆಯಬಾರದು. ಈ ವಿಷಕ್ಕೆ ಲೋಕದಲ್ಲೇ ಬಾಗಿಲು ಮುಚ್ಚಿದ್ದು ಜಿನೀವಾದಲ್ಲಿ. 2011ರ ಏಪ್ರಿಲ್ ಕೊನೆಯ ವಾರ, ಮಣ್ಣು ನೀರಿನಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳ ಸಭೆ. ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಬೇಕು ಅಂತ ಯುರೋಪಿನ ದೇಶಗಳು 2007ರಲ್ಲೇ ಪ್ರಸ್ತಾಪ ಇಟ್ಟಿದ್ದವು. ನಮ್ಮ ದೇಶ ಬೇಡ ಅನ್ನುತ್ತಲೇ ಬಂದಿತ್ತು. ಸಭೆ ಶುರುವಾದ ದಿನ, ಏಪ್ರಿಲ್ 25ರಂದು, ಆಗ ಮುಖ್ಯಮಂತ್ರಿಯಾಗಿದ್ದ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕೂತರು. ಕೊನೆಗೆ ಕೆಲವು ವಿನಾಯಿತಿಗಳನ್ನು ಇಟ್ಟುಕೊಂಡು ಭಾರತವೂ ಒಪ್ಪಿತು. ಮೇ 13ಕ್ಕೆ ನಮ್ಮ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು.

ಪಡ್ರೆ, ಸ್ವರ್ಗ ಅನ್ನುವ ಊರುಗಳು ಎಲ್ಲಿವೆ ಅಂತಲೂ ಗೊತ್ತಿಲ್ಲದವರು ಆ ಸಭೆಯಲ್ಲಿ ಕೈ ಎತ್ತಿದರು. ಅದನ್ನು ಅವರ ಉಪಕಾರ ಅಂತ ನಾನು ಹೇಳುವುದಿಲ್ಲ. ಆ ವಿಷ ಹುಟ್ಟಿದ್ದು 1950ರ ದಶಕದ ಜರ್ಮನಿಯಲ್ಲಿ. ನಮ್ಮ ದೇಶದ ಗೇರುಬೀಜ ಹೋಗುವುದು ಅಮೆರಿಕಕ್ಕೆ, ಯುರೋಪಿಗೆ, ಅರಬ್ ದೇಶಗಳಿಗೆ. ವಿಷ ಗಡಿ ದಾಟಿ ಬಂತು, ಬೀಜ ಗಡಿ ದಾಟಿ ಹೋಯಿತು. ಹೊಣೆ ಮಾತ್ರ ನಮ್ಮ ಗುಡ್ಡದಲ್ಲೇ ಉಳಿಯಬೇಕೇ? ವಿಶ್ವಸಂಸ್ಥೆಯ 2017ರ ಕರಡಿನಲ್ಲಿ ಜತೆ ನಿಲ್ಲುವುದರಲ್ಲಿ ಈ ಎರಡು ಬಗೆಗಳನ್ನೂ ಹೇಳಿದ್ದಾರೆ. ಅನಾಹುತ ಆದ ಮೇಲೆ ಓಡಿ ಬರುವುದು ಒಂದು. ಆಗದ ಹಾಗೆ ಮೊದಲೇ ತಡೆಯುವುದು ಇನ್ನೊಂದು. ನಮಗೆ ಎರಡನೆಯದು ಮೂವತ್ತು ವರ್ಷ ತಡವಾಗಿ ಬಂತು. ಮೊದಲನೆಯದು ಇನ್ನೂ ಪೂರ್ತಿ ಬಂದಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತ್ತು. ಅದಾಗಿ ಎಷ್ಟೋ ವರ್ಷ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೀದಿಯಲ್ಲಿ ಕೂತರು.

ರಜೆಯಲ್ಲಿ ಊರಿಗೆ ಬಂದಿದ್ದ ಶಾರ್ಜಾದ ಒಬ್ಬ ಹುಡುಗ 2018ರ ನೆರೆಯ ಮಾತು ತೆಗೆದ. ಆಗ ಕೇರಳ ಮುಳುಗಿತ್ತು. ವಿದೇಶಿ ಸರ್ಕಾರಗಳ ಹಣ ಬೇಡ ಅಂತ ಕೇಂದ್ರ ಸರ್ಕಾರ ಹೇಳಿತು. 2004ರ ಸುನಾಮಿಯಿಂದ ನಡೆದು ಬಂದ ನೀತಿ ಅದು. ಹೊರಗಿರುವ ನಮ್ಮವರು ಪರಿಹಾರ ನಿಧಿಗೆ ಕಳಿಸಬಹುದಿತ್ತು. "ನಾನು ಕಳಿಸಿದೆ. ನಾನು ದುಡಿಯುವ ದೇಶ ಕಳಿಸಬಾರದಿತ್ತು. ಬೇಡ ಅನ್ನುವ ಮೊದಲು ಮಾಡಿನ ಮೇಲೆ ಕೂತವನನ್ನು ಯಾರಾದರೂ ಕೇಳಿದ್ದರಾ?" ಅಂದ.

ನನಗೆ ಇದು ತುಂಬ ದೊಡ್ಡ ಪ್ರಶ್ನೆ ಅನ್ನಿಸುತ್ತದೆ. ದೇಶಕ್ಕೆ ಸ್ವಾಭಿಮಾನ ಇರಬೇಕು, ಒಪ್ಪುತ್ತೇನೆ. ಕೊಟ್ಟವರು ನಾಳೆ ಬೇರೆ ಏನನ್ನೋ ಕೇಳಬಹುದು ಅನ್ನುವ ಹೆದರಿಕೆಯೂ ಸುಳ್ಳಲ್ಲ. ಆದರೆ ಈ ಹಕ್ಕು ಯಾರದ್ದು ಅನ್ನುವುದು ಇಲ್ಲೇ ತೀರ್ಮಾನ ಆಗಬೇಕು. ಅದು ಸರ್ಕಾರದ ಹಕ್ಕಾದರೆ, ತನ್ನ ಜನರನ್ನು ಜೈಲಿಗೆ ಹಾಕುವ ಸರ್ಕಾರವೂ ಹೊರಗೆ ಹೋಗಿ ನಮ್ಮ ಜತೆ ನಿಲ್ಲಿ ಅಂತ ಕೇಳುತ್ತದೆ. ಶ್ರೀಮಂತ ದೇಶಗಳು ಬೇಡ ಅನ್ನುವುದರಲ್ಲಿ ಈ ಅನುಮಾನವೂ ಇದೆ. ಆ ಅನುಮಾನ ನನಗೂ ಇದೆ. ಕರಡಿನಲ್ಲಿ ವ್ಯಕ್ತಿಗಳ ಮತ್ತು ಜನರ ಹಕ್ಕು ಅಂತ ಬರೆದಿದ್ದಾರೆ. ಅದು ಹಾಗೇ ಉಳಿಯಬೇಕು. ಜನರು ಅಂದರೆ ಸರ್ಕಾರ ಅಂತ ಯಾರೂ ಓದುವ ಹಾಗೆ ಇರಬಾರದು.

ಎಂಟು ಗಂಟೆಗೆ ಮುಗಿಸಬೇಕಿತ್ತು, ಒಂಬತ್ತಾಯಿತು. ಕೈ ಎತ್ತಿಸಿದರು. ಇಪ್ಪತ್ತಮೂರು ಮಂದಿಯಲ್ಲಿ ಹನ್ನೆರಡು ಮಂದಿ ಹಕ್ಕಾಗಬೇಕು ಅಂದರು. ಒಂಬತ್ತು ಮಂದಿ ಬೇಡ ಅಂದರು. ಇಬ್ಬರು ಎತ್ತಲಿಲ್ಲ. ಮಾವ ಬೇಡ ಅನ್ನುವವರ ಜತೆ ಕೈ ಎತ್ತಿದರು, ಮೊಣಕೈ ನೆಟ್ಟಗೆ ಇಟ್ಟುಕೊಂಡು.

ಮನೆಗೆ ನಾವಿಬ್ಬರೂ ಒಂದೇ ದಾರಿಯಲ್ಲಿ ನಡೆದೆವು. ಟಾರ್ಚು ಅವರ ಕೈಯಲ್ಲಿತ್ತು. ತೋಡಿನ ಸಂಕ ದಾಟುವವರೆಗೆ ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು.

"ಆ ಕಾಗದಗಳು ಇವೆಯಾ?"

ಯಾವ ಕಾಗದ ಅಂತ ನಾನು ಕೇಳಲಿಲ್ಲ. ಅಪ್ಪ ಹೋಗಿ ಮೂರು ವರ್ಷ ಕಳೆದರೂ ಅವರ ಆಸ್ಪತ್ರೆಯ ಫೈಲನ್ನು ಅಮ್ಮ ಕಪಾಟಿನಲ್ಲಿ ಹಾಗೇ ಇಟ್ಟಿದ್ದಾಳೆ. ಮಾವ ಜಗಲಿಯಲ್ಲಿ ಕೂತರು. ನಾನು ಫೈಲು ತಂದು ಕೊಟ್ಟೆ. ಮಾರ್ಚ್ 27ರಿಂದ ಮೇ 1ರವರೆಗೆ ಒಟ್ಟು ಹನ್ನೊಂದು. ಮೊದಲ ಎರಡು ನೋಟ್‌ಬುಕ್ಕಿನ ಗೆರೆ ಹಾಳೆಯಲ್ಲಿ, ಉಳಿದವು ಕೋರ್ಟಿನವರು ಬಳಸುವ ಉದ್ದದ ಹಾಳೆಯಲ್ಲಿ. ಅವರು ಕನ್ನಡಕ ಮೇಲೆ ಮಾಡಿ ಒಂದೊಂದನ್ನೇ ಬೆಳಕಿಗೆ ಹಿಡಿದು ಓದಿದರು. ಏಳನೆಯದರಲ್ಲಿ ತಾರೀಖು ತಪ್ಪು ಬರೆದು ತಿದ್ದಿದ್ದರು. ತಿದ್ದಿದ ಜಾಗದಲ್ಲಿ ಸಣ್ಣ ಸಹಿ ಬೇರೆ ಹಾಕಿದ್ದರು.

"ಹನ್ನೊಂದು ಸಲ ಬರೆದಿದ್ದೇನಾ?" ಅಂದರು. ಅಮ್ಮ ಒಳಗಿನಿಂದ ಊಟಕ್ಕೆ ಕರೆದಳು.